ಊದಿಸುವ ಮುಂಚೆ ಹದಿನೈದು ನಿಮಿಷ

ಹೋದ ಶನಿವಾರ ರಾತ್ರಿ ಮೈಸೂರಿನ ರಿಂಗ್ ರಸ್ತೆಯಲ್ಲಿ ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕುಳಿತಿದ್ದೆ. ಬ್ಯಾರಿಕೇಡ್ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು. ಚಿಕ್ಕಪ್ಪ ಹೆಲ್ಮೆಟ್ ತೆಗೆದು, ಕುಡಿದಿದ್ದಾರೆಯೇ ಎಂದು ನೋಡುವ ಯಂತ್ರಕ್ಕೆ ಊದಿದರು. ಪರದೆಯ ಮೇಲೆ 41 ಎಂದು ಬಂತು, ಮಿತಿ 30. ಅರವತ್ತೆಂಟು ವರ್ಷದ, ಇವತ್ತಿಗೂ ಏಕಾದಶಿ ಉಪವಾಸ ಬಿಡದ ಮನುಷ್ಯ ಆ ಅಂಕಿಯನ್ನು ನೋಡಿ, ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಮಾತಿಲ್ಲದೆ ನಿಂತುಬಿಟ್ಟರು.

ಅಲ್ಲಿದ್ದ ಎಎಸ್‌ಐ ಹತ್ತಿರ ಬಂದು, "ಯಜಮಾನರೇ, ಹೊರಡುವಾಗ ಏನಾದರೂ ಔಷಧಿ ಕುಡಿದಿರಾ?" ಎಂದು ಕೇಳಿದರು.

"ಊಟವಾದ ಮೇಲೆ ದ್ರಾಕ್ಷಾರಿಷ್ಟ ಸ್ವಾಮಿ, ಎರಡು ಮುಚ್ಚಳ. ಕುಡಿದು ಐದು ನಿಮಿಷವೂ ಆಗಿಲ್ಲ."

ಅವರು ತಮ್ಮ ನೀರಿನ ಬಾಟಲಿ ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದರು. ಕಾಲುದಾರಿಯ ಕಲ್ಲಿನ ಮೇಲೆ ಕೂರಿಸಿದರು. ಇಪ್ಪತ್ತು ನಿಮಿಷ ಬಿಟ್ಟು ಹೊಸ ಕೊಳವೆ ಸಿಕ್ಕಿಸಿ ಮತ್ತೆ ಊದಿಸಿದರು. ಸೊನ್ನೆ ಬಂತು.

ಅರಿಷ್ಟ, ಆಸವ ಎಂಬ ಆಯುರ್ವೇದ ಔಷಧಿಗಳಲ್ಲಿ ಹುದುಗುವಾಗ ತಾನಾಗಿಯೇ ಹುಟ್ಟುವ ಮದ್ಯಸಾರವಿರುತ್ತದೆ. ಬಾಟಲಿಯ ಚೀಟಿಯ ಮೇಲೆಯೇ ನೂರಕ್ಕೆ 5ರಿಂದ 10ರಷ್ಟು ಎಂದು ಬರೆದಿರುತ್ತದೆ. ಊದುವ ಯಂತ್ರ ಅಳೆಯಬೇಕಾದದ್ದು ಶ್ವಾಸಕೋಶದ ಆಳದಿಂದ ಬರುವ ಗಾಳಿಯನ್ನು. ಈಗಷ್ಟೇ ಕುಡಿದ ಅರಿಷ್ಟವೋ ಬಾಯಿ ಮುಕ್ಕಳಿಸಿದ ಮೌತ್‌ವಾಶೋ ಬಾಯಲ್ಲೇ ಉಳಿದಿದ್ದರೆ ಅದೂ ಲೆಕ್ಕಕ್ಕೆ ಸೇರಿ ಅಂಕಿ ಜಿಗಿಯುತ್ತದೆ. ಸುಮಾರು ಹದಿನೈದು ನಿಮಿಷದಲ್ಲಿ ಅದು ಆರಿಹೋಗುತ್ತದೆ. ಅಷ್ಟು ಹೊತ್ತು ಕಾಯಬೇಕು ಎನ್ನುವುದು ಯಂತ್ರ ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ಸಾಲುಗಟ್ಟಿ ವಾಹನ ನಿಂತಿರುವ ಶನಿವಾರ ರಾತ್ರಿ ಎಷ್ಟು ಕಡೆ ಕಾಯುತ್ತಾರೆ? ಚಿಕ್ಕಪ್ಪನಿಗೆ ಒಳ್ಳೆಯ ಅಧಿಕಾರಿ ಸಿಕ್ಕಿದರು. ಸಿಗದಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಿತಿ ಇರುವುದು 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ.

ಕುಡುಕ ಚಾಲಕರ ಪರ ವಕಾಲತ್ತು ವಹಿಸುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ನನ್ನ ಸೋದರಮಾವ ಸತ್ತದ್ದು ಕುಡಿದವನ ಕಾರಿಗೆ ಸಿಕ್ಕಿ. 2011ರಲ್ಲಿ, ರಾತ್ರಿ ಹತ್ತೂವರೆಗೆ, ಹೆದ್ದಾರಿಯ ಪಕ್ಕ ಪಂಕ್ಚರ್ ಆದ ಬೈಕ್ ತಳ್ಳಿಕೊಂಡು ಬರುತ್ತಿದ್ದರು. ಕಾರಿನವನನ್ನು ಅಲ್ಲೇ ಹಿಡಿದರು. ಅವನ ಬಾಯಿಂದ ಮದ್ಯದ ವಾಸನೆ ಬರುತ್ತಿತ್ತೆಂದು, ನಿಲ್ಲಲು ತೂರಾಡುತ್ತಿದ್ದನೆಂದು ಮಹಜರಿನಲ್ಲಿ ಬರೆದರು. ಆದರೆ ಠಾಣೆಯಲ್ಲಿ ಊದುವ ಯಂತ್ರ ಕೆಟ್ಟಿತ್ತು, ರಾತ್ರಿ ವೈದ್ಯರು ಸಿಗಲಿಲ್ಲ. ರಕ್ತ ತೆಗೆದದ್ದು ಮರುದಿನ ಬೆಳಿಗ್ಗೆ ಹತ್ತೂವರೆಗೆ. ದೇಹ 100 ಮಿಲಿಲೀಟರ್ ರಕ್ತದಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಮದ್ಯಸಾರವನ್ನು ಕರಗಿಸುತ್ತದೆ. ಹನ್ನೆರಡು ಗಂಟೆಗೆ 180. ಮಿತಿಗಿಂತ ಆರು ಪಟ್ಟು ಕುಡಿದವನೂ ಅಷ್ಟು ಹೊತ್ತಿಗೆ ಶುದ್ಧವಾಗಿ ಕಾಣುತ್ತಾನೆ. ಪ್ರಯೋಗಾಲಯದ ವರದಿಯಲ್ಲಿ 'ಮದ್ಯಸಾರ ಕಂಡುಬಂದಿಲ್ಲ' ಎಂಬ ಒಂದೇ ಸಾಲು ಬಂತು. ಕುಡಿದ ಆರೋಪ ನಿಲ್ಲಲಿಲ್ಲ. ಆ ವರದಿಯ ಜೆರಾಕ್ಸ್ ಪ್ರತಿ ಈಗಲೂ ಅತ್ತೆಯ ಬೀರುವಿನಲ್ಲಿ, ಮಾವನ ಪಡಿತರ ಚೀಟಿಯ ಜೊತೆ ಇದೆ.

ವಾಸನೆ, ತೂರಾಟ, ತೊದಲು ಮಾತು, ಹಿಗ್ಗಿದ ಕಣ್ಣಿನ ಪಾಪೆ, ಇಷ್ಟರಿಂದಲೇ ಒಬ್ಬ ಅಮಲಿನಲ್ಲಿದ್ದ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಬಚುಭಾಯಿ ಕರ್ಯಾನಿ ಪ್ರಕರಣದಲ್ಲಿ ರಕ್ತವನ್ನಾಗಲಿ ಮೂತ್ರವನ್ನಾಗಲಿ ಪರೀಕ್ಷಿಸಿರಲಿಲ್ಲ. ಮೊದಲ ಸಲ ಆ ತೀರ್ಪಿನ ಬಗ್ಗೆ ಓದಿದಾಗ ನನಗೆ ಸಿಟ್ಟು ಬಂದಿತ್ತು. ಚಿಕ್ಕಪ್ಪನ 41 ನೋಡಿದ ಮೇಲೆ ಅದು ಸರಿ ಎನಿಸುತ್ತದೆ. ತಪ್ಪು ಕೋರ್ಟಿನದಲ್ಲ, ಸರಿಯಾದ ಹೊತ್ತಿಗೆ ಸರಿಯಾಗಿ ಪರೀಕ್ಷೆ ಮಾಡದವರದು. 185ನೇ ಕಲಮಿನಡಿ ಬಂಧಿಸಿದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು ಎಂದು ಕಾಯ್ದೆಯ 202ನೇ ಕಲಮಿನಲ್ಲೇ ಇದೆ.

ಅಮೆರಿಕದಲ್ಲಿ ರಸ್ತೆಬದಿಯಲ್ಲೇ ಚಾಲಕನನ್ನು ನಡೆಸಿ ನೋಡುತ್ತಾರೆ. ಹಿಮ್ಮಡಿಗೆ ತುದಿಗಾಲು ತಾಗಿಸುತ್ತ ಒಂಬತ್ತು ಹೆಜ್ಜೆ ಹೋಗಿ, ತಿರುಗಿ ಒಂಬತ್ತು ಹೆಜ್ಜೆ ಬರಬೇಕು. ಒಂಟಿಕಾಲಿನಲ್ಲಿ ಮೂವತ್ತು ಸೆಕೆಂಡು ನಿಲ್ಲಬೇಕು. ಕಣ್ಣಿನ ಮುಂದೆ ಪೆನ್ನು ಆಡಿಸಿ ಗುಡ್ಡೆಯ ಅದುರುವಿಕೆಯನ್ನೂ ನೋಡುತ್ತಾರೆ. 1981ರ ಅಧ್ಯಯನದಲ್ಲಿ ಒಂಟಿಕಾಲಿನ ಪರೀಕ್ಷೆ ಸರಿಯಾದದ್ದು ನೂರಕ್ಕೆ 65ರಷ್ಟು. 1998ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಮೂರನ್ನೂ ಸೇರಿಸಿ ನೋಡಿದಾಗ ನೂರಕ್ಕೆ 91ರಷ್ಟು ಸರಿಬಂತು ಎನ್ನುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಒಂದು ಹನಿಯೂ ಕುಡಿಯದ 21 ಜನ ಇಂಥ ಪರೀಕ್ಷೆ ಮಾಡಿದ ವಿಡಿಯೊವನ್ನು ಪೊಲೀಸರಿಗೆ ತೋರಿಸಿದರು. ನೂರಕ್ಕೆ 46ರಷ್ಟು ಉತ್ತರಗಳು 'ಇವರು ವಾಹನ ಓಡಿಸಲಾಗದಷ್ಟು ಕುಡಿದಿದ್ದಾರೆ' ಎಂದೇ ಇದ್ದವು. ಮಂಡಿ ಸವೆದಿರುವ ನಮ್ಮ ಚಿಕ್ಕಪ್ಪ ಒಂಟಿಕಾಲಿನಲ್ಲಿ ಮೂರು ಸೆಕೆಂಡೂ ನಿಲ್ಲಲಾರರು.

ಯಂತ್ರವನ್ನು ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಅಲ್ಲಿಯದೇ ಪಾಠವಿದೆ. ನ್ಯೂಜೆರ್ಸಿಯಲ್ಲಿ ಯಂತ್ರಗಳನ್ನು ಸರಿಹೊಂದಿಸುವಾಗ ಪ್ರಮಾಣಿತ ಥರ್ಮಾಮೀಟರ್ ಇಟ್ಟು ಉಷ್ಣತೆ ನೋಡುವ ಒಂದು ಹಂತವನ್ನು ಬಿಟ್ಟಿದ್ದರು. 2018ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ 20,667 ಜನರ ಪರೀಕ್ಷೆಗಳು ಸಾಕ್ಷ್ಯವಾಗಲಾರವು ಎಂದಿತು. ಅವರಲ್ಲಿ ನಿಜವಾಗಿ ಕುಡಿದವರು ಎಷ್ಟು ಮಂದಿ ಇದ್ದರೋ! ನನ್ನ ಹೊಟ್ಟೆ ಉರಿಯುವುದು ಅಲ್ಲಿಯೇ. ಸಡಿಲ ಪರೀಕ್ಷೆ ನಿರಪರಾಧಿಯನ್ನು ಸಿಕ್ಕಿಸುವುದಷ್ಟೇ ಅಲ್ಲ, ಮಾವನನ್ನು ಕೊಂದಂಥವನಿಗೆ ಬಾಗಿಲನ್ನೂ ತೆರೆದುಕೊಡುತ್ತದೆ.

ಹಾಗಾಗಿ ನಾಕಾಬಂದಿ ಕಡಿಮೆ ಮಾಡಿ ಎಂದು ನಾನು ಕೇಳುವುದಿಲ್ಲ, ಇನ್ನೂ ಹೆಚ್ಚು ಮಾಡಲಿ. ಆದರೆ ಮೊದಲ ಅಂಕಿ ಮಿತಿ ಮೀರಿದರೆ ಹದಿನೈದು ನಿಮಿಷ ಬಿಟ್ಟು ಎರಡನೆಯ ಸಲ ಊದಿಸಲಿ, ಎರಡೂ ಅಂಕಿಗಳನ್ನು ಬರೆದಿಡಲಿ. ಯಂತ್ರವನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ ರಸೀದಿಯ ಮೇಲೆ ಇರಲಿ. ಸಾವುನೋವಾದ ಪ್ರಕರಣದಲ್ಲಂತೂ ಎಷ್ಟೇ ರಾತ್ರಿಯಾದರೂ ರಕ್ತ ತೆಗೆಯಲು ಒಬ್ಬ ವೈದ್ಯರು ಸಿಗುವಂತಿರಲಿ.

ನಿಮ್ಮನ್ನು ತಡೆದರೆ ತಕರಾರು ಮಾಡದೆ ಊದಿ. ಅರಿಷ್ಟವೋ ಕೆಮ್ಮಿನ ಔಷಧಿಯೋ ಕುಡಿದಿದ್ದರೆ ಊದುವ ಮುಂಚೆಯೇ ಹೇಳಿ, ನೀರು ಕೇಳಿ, ಕಾಯುತ್ತೇನೆ ಎನ್ನಿ. ಅಂಕಿ ಆಗಲೂ ಇಳಿಯದಿದ್ದರೆ, ನೀವು ಕುಡಿದಿಲ್ಲ ಎಂಬುದು ಖಚಿತವಿದ್ದರೆ, ರಕ್ತ ಪರೀಕ್ಷೆ ಮಾಡಿಸಿ ಎಂದು ಅಲ್ಲಿಯೇ, ಆಗಲೇ ಕೇಳಿ. ಬೆಳಗಾಗುವವರೆಗೆ ಬಿಡಬೇಡಿ.