ಎಂಎಡ್ಡು ಮತ್ತು 680 ಅಡಿಯ ಬೋರು

‘ಎಂಎಡ್ ಮಾಡಿ ಏನು ಕಡಿದು ಕಟ್ಟೆ ಹಾಕ್ತೀಯ? ಸುಮ್ನೆ ಟಿಇಟಿಗೆ ಓದು’ ಅಂತ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುತ್ತಾ ನನಗೆ ಬುದ್ಧಿ ಹೇಳದವರೇ ಇಲ್ಲ. (ಟಿಇಟಿ ಅಂದ್ರೆ ಟೀಚರ್ ಆಗೋಕೆ ಬರೆಯೋ ಅರ್ಹತಾ ಪರೀಕ್ಷೆ.) ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಎಂಎಡ್ ಅಂದ್ರೆ ಶಿಕ್ಷಣ ವಿಷಯದ ಸ್ನಾತಕೋತ್ತರ ಪದವಿ. ಶಿಕ್ಷಕರ ತರಬೇತಿ ನೋಡಿಕೊಳ್ಳೋ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬಂದ ಮೇಲೆ ಆ ಒಂದು ವರ್ಷದ ಕೋರ್ಸು ಎರಡು ವರ್ಷ ಆಯ್ತು. ಫೀಸು, ರೂಮು, ಊಟ ಎಲ್ಲ ಡಬಲ್. ಆದರೂ ಸೇರಿದೆ. ಯಾಕೆ ಅಂತ ಹೇಳಬೇಕಂದ್ರೆ ಒಂದು ಬೋರ್‌ವೆಲ್ ಕಥೆ ಹೇಳಬೇಕು.

ಅದಕ್ಕೂ ಮೊದಲು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೆ. ಆರನೇ ಕ್ಲಾಸಿಗೆ ಅಂದಾಜು ಲೆಕ್ಕ. ಕ್ರಿಕೆಟ್ ಸ್ಟೇಡಿಯಮ್ಮಿಗೆ ಬಂದ ಜನರ ಸಂಖ್ಯೆ ಬೋರ್ಡಿನ ಮೇಲೆ ಬರೆದು, ಹತ್ತಿರದ ಸಾವಿರಕ್ಕೆ ತನ್ನಿ ಅಂದೆ. ಟೆಸ್ಟಿನಲ್ಲಿ ಹತ್ತಕ್ಕೆ ಎರಡು ತಗೊಂಡಿದ್ದ ಹುಡುಗನೊಬ್ಬ ಕಿಟಕಿ ಆಚೆ ನೋಡ್ತಾ ಕೂತಿದ್ದ. ಬೈಯೋಣ ಅಂತ ಹೋದರೆ, ಹಿಂದಿನ ರಾತ್ರಿ ಅವರ ಹೊಲದಲ್ಲಿ ಬೋರ್ ಕೊರೆಸಿದ್ದರಂತೆ.

‘ನೀರು ಬಿತ್ತೇನೋ?’

‘ಇಲ್ಲ ಮಿಸ್. ಆರ್ನೂರ ಎಂಬತ್ತಕ್ಕೆ ಫೇಲಾತು. ಬರೇ ಧೂಳು.’

‘ಎಷ್ಟು ಖರ್ಚಾಯ್ತು?’

‘ಮುನ್ನೂರು ಅಡಿ ತನಕ ಅಡಿಗೆ ತೊಂಬತ್ರಂಗೆ. ಆಮೇಲೆ ನೂರ್ ನೂರ್ ಅಡಿಗೂ ಹತ್ತತ್ ರೂಪಾಯಿ ಏರ್ತತಿ. ಎಪ್ಪತ್ ಸಾವ್ರ ಚಿಲ್ರೆ ಮಿಸ್. ಕೇಸಿಂಗ್ ಬ್ಯಾರೆ.’

ನಾನು ಬೋರ್ಡಿನ ಮೇಲೆ ಹಂತ ಹಂತವಾಗಿ ಗುಣಿಸಿ, ಕೂಡಿಸಿ ನೋಡಿದೆ. 70,400. ಅವನು ಬೆರಳೂ ಮಡಚಿರಲಿಲ್ಲ. ಎರಡು ಅಂಕ ಕೊಟ್ಟವಳು ನಾನೇ.

ಎಂಎಡ್ಡಿನ ಕರಿಕ್ಯುಲಂ (ಪಠ್ಯಕ್ರಮ) ಪೇಪರಿನಲ್ಲಿ ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ ಬಂದ. 1949ರಲ್ಲಿ ಅವನು ಕೇಳಿದ ನಾಲ್ಕೇ ಪ್ರಶ್ನೆ: ಶಾಲೆಯ ಗುರಿ ಏನು, ಅದಕ್ಕೆ ಯಾವ ಅನುಭವ ಕೊಡಬೇಕು, ಅವನ್ನು ಹೇಗೆ ಜೋಡಿಸಬೇಕು, ಗುರಿ ಮುಟ್ಟಿದ್ದು ಹೇಗೆ ಗೊತ್ತಾಗುತ್ತೆ. ಚೊಕ್ಕ ಲೆಕ್ಕ. ಆದರೆ ನನಗೆ ಹಿಡಿಸಿದ್ದು ಹಿಲ್ಡಾ ಟಾಬಾ. ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಹೆಂಗಸು. 1962ರ ಹೊತ್ತಿಗೇ ಹೇಳಿದ್ದಳು: ಪಠ್ಯಕ್ರಮ ಮೇಲಿಂದ ಇಳಿಯಬಾರದು, ಪಾಠ ಮಾಡುವ ಟೀಚರ್ ಘಟಕ (ಒಂದು ವಿಷಯದ ಪಾಠಗಳ ಗುಚ್ಛ) ಕಟ್ಟಿಕೊಂಡು ಮೇಲಕ್ಕೆ ಹೋಗಬೇಕು. ಅವಳ ಏಳು ಹಂತದಲ್ಲಿ ಗುರಿ ಎರಡನೆಯದು. ಮೊದಲನೆಯದು ಮಕ್ಕಳ ಅಗತ್ಯ ಏನು ಅಂತ ಪತ್ತೆ ಮಾಡೋದು. ಓದಿದ ಕೂಡಲೇ ಆ ಕಿಟಕಿ ಪಕ್ಕದ ಹುಡುಗ ನೆನಪಾದ.

ನಮ್ಮ ಕ್ಲಾಸಿನಲ್ಲಿ ಟಾಬಾ ಏನಾದಳು ಅಂದ್ರೆ, ‘ಏಳು ಹಂತಗಳು, ಹತ್ತು ಅಂಕ, ಬರ್ಕೊಳ್ಳಿ’. ಅಷ್ಟೇ. ಮಗು ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತೆ ಅನ್ನೋದನ್ನೂ ಡಿಕ್ಟೇಟ್ ಮಾಡಿಸಿದರು, ಪೂರ್ಣವಿರಾಮದ ಸಮೇತ. (ಕಾಲೇಜಿನ ಹೆಸರು ಬೇಡ. ಓದಿದವರಿಗೆಲ್ಲ ತಮ್ಮದೇ ಅನ್ನಿಸುತ್ತೆ.)

ನನ್ನ ತಕರಾರು ಇಷ್ಟೇ. ಕಲಿಕೆಯನ್ನು ಶಾಲೆಯಾಚೆಯ ಬದುಕಿಗೆ ಜೋಡಿಸಿ ಅಂತ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು (ಎನ್‌ಸಿಎಫ್) ಹೇಳಿದ್ದು 2005ರಲ್ಲಿ. ನಮ್ಮ ರಾಜ್ಯದಲ್ಲೇ, ಮಕ್ಕಳು ಚಟುವಟಿಕೆ ಕಾರ್ಡುಗಳಿಂದ ಕಲಿಯೋ ನಲಿ-ಕಲಿ ಪದ್ಧತಿ ಮೊಳಕೆಯೊಡೆದದ್ದು ಎಚ್.ಡಿ. ಕೋಟೆಯಲ್ಲಿ, ಟೀಚರುಗಳು ಕೂತು ಕಾರ್ಡು ಬರೆದು. ಅಂದಮೇಲೆ ಪಠ್ಯಕ್ರಮದ ಬಗ್ಗೆಯೇ ಸ್ನಾತಕೋತ್ತರ ಓದುವವಳು ಎರಡು ವರ್ಷದಲ್ಲಿ ಒಂದಾದರೂ ಘಟಕವನ್ನು ತಾನೇ ಬರೆದು, ಒಂದು ಶಾಲೆಯಲ್ಲಿ ನಡೆಸಿ, ಎಡವಿ, ತಿದ್ದಬೇಡವೇ? ನಾವು ತಿದ್ದಿದ್ದು ಸೀನಿಯರ್‌ಗಳ ರೆಕಾರ್ಡಿನ ಮೇಲಿದ್ದ ಹೆಸರು.

ಪ್ರಬಂಧಕ್ಕೆ ‘ಜಗಳೂರು ಮಕ್ಕಳ ಬೋರ್‌ವೆಲ್ ಗಣಿತ’ ಅಂತ ವಿಷಯ ಒಯ್ದೆ. ‘ಇದಕ್ಕೆ ಟೂಲ್ ಎಲ್ಲಿ ಸಿಗುತ್ತೆ? ಮನೋಭಾವದ ಪ್ರಶ್ನಾವಳಿ ತಗೋ, ನೂರು ಜನಕ್ಕೆ ಹಂಚು, ಟಿ-ಟೆಸ್ಟ್ ಹಾಕು, ಮುಗೀತು’ ಅಂದರು ಗೈಡ್. (ಟಿ-ಟೆಸ್ಟ್ ಅಂದ್ರೆ ಎರಡು ಗುಂಪಿನ ಸರಾಸರಿ ಹೋಲಿಸೋ ಲೆಕ್ಕ.) ಹಂಚಿದೆ. ನನಗೂ ಪಾಸಾಗಬೇಕಿತ್ತು.

ಬೋರ್‌ವೆಲ್ ಘಟಕ ಮಾತ್ರ ಬೇರೆ ನೋಟ್‌ಬುಕ್ಕಿನಲ್ಲಿ ಬರೀತಿದೀನಿ. ಬೋರಿನವರು ಹೇಳೋ ‘ಎರಡಿಂಚು ನೀರು’ ಅಂದ್ರೆ ಎಷ್ಟು ನೀರು ಅನ್ನೋದರ ಹತ್ತಿರ ಸಿಕ್ಕಿಹಾಕ್ಕೊಂಡಿದೀನಿ. ಹೋದ ಭಾನುವಾರ ಅದನ್ನೇ ಕೇಳೋಣ ಅಂತ ಊರಿಗೆ ಹೋದರೆ, ಹುಡುಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲದಲ್ಲಿ ನಡೀತಿದ್ದ. ‘ಮಿಸ್, ಸುಮ್ನಿರ್ರಿ, ಬೋರ್ ಪಾಯಿಂಟ್ ನೋಡಾಕತ್ತೀನಿ’ ಅಂದ.