ಹತ್ತು ಗಂಟೆ ಮಾತ್ರೆ ಅಂದ್ರೆ ಹತ್ತು ಗಂಟೆಗೇ

ನಿನ್ನೆಯಿಂದ ಹೊಟ್ಟೆ ಉರೀತಿದೆ, ಬರೆದೇಬಿಡ್ತೀನಿ. ಚಿಕ್ಕಪ್ಪಂಗೆ ಹರ್ನಿಯಾ ಆಪರೇಷನ್ ಆಗಿದೆ, ಮೈಸೂರಲ್ಲೇ ಒಂದು ಆಸ್ಪತ್ರೆ, ಊಟ ತಗೊಂಡು ಹೋಗಿದ್ದೆ. ಪಕ್ಕದ ಬೆಡ್ಡಲ್ಲಿ ಪಾಂಡವಪುರದ ಕಡೆಯ ಯಜಮಾನ್ರೊಬ್ರು, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಮೂರು ದಿನ. ಮುಖ ನೋಡಿದ ತಕ್ಷಣ ನಂಗೆ ಗೊತ್ತಾಯ್ತು, ನಮ್ಮಪ್ಪಂಗಿರೋ ಪಾರ್ಕಿನ್ಸನ್ಸೇ ಇವ್ರಿಗೂ, ಕೈ ನಡುಗಿ ಮೈ ಬಿಗಿಯೋ ಕಾಯಿಲೆ. ರೆಪ್ಪೆ ಬಡಿಯೋದೇ ಅಪರೂಪ, ಹೆಬ್ಬೆರಳು ತೋರುಬೆರಳನ್ನ ಉಜ್ತಾನೇ ಇದೆ. ಸೊಸೆ ಅನ್ನ ಕಲಸಿ ಬಾಯಿಗಿಟ್ರೆ ನುಂಗೋಕಾಗ್ತಿಲ್ಲ, ಕಟವಾಯಲ್ಲಿ ಸೋರ್ತಿದೆ. "ಮನೇಲಿ ಅವ್ರೇ ಕಲಸ್ಕೊಂಡು ಉಣ್ತಿದ್ರು ಕಣಕ್ಕ, ಇಲ್ಲಿಗ್ ಬಂದ್ಮೇಲೆ ಹಿಂಗಾಗೋದ್ರು" ಅಂದ್ಲು.

ಪಾರ್ಕಿನ್ಸನ್ಸ್ ಮಾತ್ರೆ ಎಷ್ಟೊತ್ತಿಗೆ ಕೊಟ್ರಿ ಅಂತ ಕೇಳ್ದೆ. ಮನೇಲಿ ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ನಾಲ್ಕು ಸಲ. ಇಲ್ಲಿ ಅಡ್ಮಿಟ್ ಆದ ದಿನವೇ ಸ್ಟ್ರಿಪ್ಪೆಲ್ಲ ಇಸ್ಕೊಂಡು ಚಾರ್ಟಲ್ಲಿ 1-1-1 ಅಂತ ಬರೆದಿಟ್ಟಿದ್ದಾರೆ. ಆಗ ಗಂಟೆ 12:40. ಸಿಸ್ಟರ್ ಹತ್ರ ಹೋದ್ರೆ "ಊಟ ಆಗ್ಲಿ ಇರಿ ಮೇಡಂ, ಕೊಡ್ತೀವಿ, ಒಂದೆರಡು ಗಂಟೆ ಹಿಂದೆ ಮುಂದೆ ಆದ್ರೆ ಏನೂ ಆಗಲ್ಲ" ಅಂದ್ರು.

ಆಗುತ್ತೆ ಸಿಸ್ಟರ್. ನೋಡಿ ಆಗಿದೆ, ಅಲ್ಲಿ ಮಲಗಿದ್ದಾರೆ.

ಇದು ಬಿಪಿ ಮಾತ್ರೆ ಥರ ಅಲ್ಲ. ಈ ಕಾಯಿಲೇಲಿ ಮೆದುಳಲ್ಲಿ ಡೋಪಮೈನ್ ಅಂತ, ಮೈಕೈ ಆಡಿಸೋಕೆ ಬೇಕಾದ ರಾಸಾಯನಿಕ, ಅದನ್ನ ಮಾಡೋ ಜೀವಕೋಶಗಳೇ ಸಾಯ್ತಾ ಹೋಗ್ತವೆ. ಡೋಪಮೈನನ್ನೇ ನುಂಗ್ಸಿದ್ರೆ ಅದು ಮೆದುಳಿಗೆ ಹೋಗಲ್ಲ, ಅದಕ್ಕೆ ಮೆದುಳೊಳಗೆ ಹೋಗಿ ಡೋಪಮೈನ್ ಆಗೋ ಲೆವೊಡೋಪಾ ಕೊಡ್ತಾರೆ, ದಾರೀಲೇ ಖರ್ಚಾಗದೆ ಇರ್ಲಿ ಅಂತ ಜೊತೆಗೆ ಕಾರ್ಬಿಡೋಪಾ. ಆ ಲೆವೊಡೋಪಾ ಸುಮಾರು ಒಂದೂವರೆ ಗಂಟೇಲಿ ರಕ್ತದಲ್ಲಿ ಅರ್ಧಕ್ಕೆ ಇಳಿದಿರುತ್ತೆ. ಮೊದಮೊದಲು ಉಳಿದಿರೋ ಜೀವಕೋಶಗಳು ಕೂಡಿಟ್ಕೊಂಡು ನಿಧಾನಕ್ಕೆ ಬಿಡ್ತವೆ, ಅರ್ಧ ದಿನ ತಡ ಆದ್ರೂ ಗೊತ್ತಾಗಲ್ಲ. ಐದಾರು ವರ್ಷ ಆದ್ಮೇಲೆ ಎಷ್ಟೋ ಜನಕ್ಕೆ ಕೂಡಿಡೋಕೆ ಜಾಗವೇ ಇರಲ್ಲ, ಮಾತ್ರೆ ಇದ್ದಷ್ಟೊತ್ತು ಮನುಷ್ಯ ಓಡಾಡ್ತಾನೆ, ಇಳೀತಿದ್ದಂಗೆ ಕಲ್ಲಾಗ್ತಾನೆ. ಡಾಕ್ಟ್ರುಗಳು ಆನ್, ಆಫ್ ಅಂತಾರಲ್ಲ, ಅದು ಇದೇ. ನಡೆಯೋದಷ್ಟೇ ಅಲ್ಲ, ನುಂಗೋದು, ಮಾತಾಡೋದು, ಮಗ್ಗುಲಾಗೋದು ಎಲ್ಲಾ ಆ ಮಾತ್ರೆ ಮೇಲೆ ನಿಂತಿರುತ್ತೆ. ಇಂಥವ್ರಿಗೆ 1-1-1 ಅಂತ ಬರೆದ್ರೆ ತಿಂಡಿ, ಊಟ, ರಾತ್ರಿ ಊಟ ಅಂತ ಲೆಕ್ಕ ಆಗುತ್ತೆ. ನಾಲ್ಕು ಮಾತ್ರೆ ಮೂರಾಯ್ತು, ಟೈಮೂ ಹೋಯ್ತು.

ಮೇಲೆ "ಊಟ ಆದ್ಮೇಲೆ" ಬೇರೆ. ಬೇಳೆ, ಅವರೆಕಾಳು, ಮೊಟ್ಟೆ, ಮಟನ್, ಹಾಲು ಇವುಗಳಲ್ಲಿರೋ ಪ್ರೋಟೀನೂ ಲೆವೊಡೋಪಾನೂ ಕರುಳಲ್ಲಿ ಒಂದೇ ಬಾಗಿಲಲ್ಲಿ ಒಳಗೆ ಹೋಗ್ಬೇಕು, ಮೆದುಳಿನ ಹತ್ರನೂ ಅಷ್ಟೇ. ಮಾತ್ರೆ ಹೊರಗೇ ನಿಲ್ಲುತ್ತೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಇಲ್ಲಾ ಊಟ ಆಗಿ ಒಂದು ಗಂಟೆ ಬಿಟ್ಟು, ಬರೀ ನೀರಲ್ಲಿ ಕೊಡಿ ಅಂತ ಅಪ್ಪನ್ನ ನೋಡೋ ನ್ಯೂರಾಲಜಿಸ್ಟ್, ಅಂದ್ರೆ ನರರೋಗದ ಡಾಕ್ಟ್ರು, ಹೇಳಿದ್ದು. ಐರನ್ ಮಾತ್ರೆ ಇದ್ರೆ ಅದೂ ಎರಡು ಗಂಟೆ ದೂರ.

ಇಷ್ಟು ಗಂಟಲು ಹರ್ಕೊಳ್ಳೋ ನಾನೇ ಪೂರ್ತಿ ಒಂದು ವರ್ಷ ಅಪ್ಪಂಗೆ ಹಾಲಲ್ಲಿ ಮಾತ್ರೆ ಕೊಟ್ಟಿದ್ದೀನಿ, ಬರೀ ಹೊಟ್ಟೇಲಿ ಯಾಕೆ ಪಾಪ ಅಂತ. ಅಪ್ಪಂಗೆ ಒಂಬತ್ತು ವರ್ಷ ಆಯ್ತು ಈ ಕಾಯಿಲೆ ಬಂದು. ಬೆಳಗ್ಗೆ ಶರ್ಟ್ ಗುಂಡಿ ಹಾಕ್ಕೊಳಕ್ಕೆ ಅರ್ಧ ಗಂಟೆ ಮಾಡ್ತಿದ್ರು. ಒಂದಿನ ಸ್ಕೂಲ್ ಬಸ್ಸಿನ ಗಡಿಬಿಡೀಲಿ "ನಿಮಗೆ ಮನಸ್ಸಿಲ್ಲ ಅಷ್ಟೇ ಅಪ್ಪ" ಅಂದ್ಬಿಟ್ಟೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಮುತ್ತು ಪೋಣಿಸಿದಂಗೆ ಬರೆದ ಮೇಷ್ಟ್ರು ಅವ್ರು, ಏನೂ ಮಾತಾಡ್ಲಿಲ್ಲ, ಗುಂಡಿ ಹಿಡ್ಕೊಂಡು ಹಂಗೇ ಕೂತ್ರು. ಆಮೇಲೆ ಡಾಕ್ಟ್ರು ಹೇಳಿ ಒಂದು ವಾರ ಮಾತ್ರೆ ಟೈಮು, ಊಟದ ಟೈಮು, ಕೈಕಾಲು ಬಿಗಿಯೋ ಟೈಮು ಮೂರನ್ನೂ ನೋಟ್ ಬುಕ್ಕಲ್ಲಿ ಬರೆದಾಗ ಗೊತ್ತಾಯ್ತು, ಅಪ್ಪನ ಮನಸ್ಸಲ್ಲ, ನಾನು ಕೊಡ್ತಿದ್ದ ಹಾಲು ಅಂತ. ಅವತ್ತಿನ ಆ ಮಾತು ಇವತ್ತಿಗೂ ನನ್ನ ಚುಚ್ಚುತ್ತೆ.

ಒಬ್ರು ಸಿಸ್ಟರ್ ಇಡೀ ವಾರ್ಡ್ ನೋಡ್ಬೇಕು, ಪಾಪ, ಎಷ್ಟು ಜನರ ಟೈಮ್ ನೆನಪಿಟ್ಕೊಳ್ತಾರೆ ಅಂತ ನೀವು ಕೇಳಬಹುದು. ನಿಜ, ಅವ್ರು ಕೂರೋದನ್ನೇ ನಾನು ನೋಡ್ಲಿಲ್ಲ. ಆದ್ರೆ ಅದಕ್ಕೇ ಹೇಳ್ತಿರೋದು, ಆಗಲ್ಲ ಅಂದ್ರೆ ಡಾಕ್ಟ್ರು ಬರೆದುಕೊಟ್ಟು ಮನೆಯವ್ರ ಕೈಗೇ ಬಿಡಿ, ಕೊಟ್ಟಾಗೆಲ್ಲ ಚಾರ್ಟಲ್ಲಿ ಗುರುತು ಹಾಕಿಸ್ಕೊಳ್ಳಿ. ಇಂಗ್ಲೆಂಡಲ್ಲಿ ಪಾರ್ಕಿನ್ಸನ್ಸ್ ಯುಕೆ ಅನ್ನೋ ಸಂಸ್ಥೆ ಆಸ್ಪತ್ರೆಗಳಲ್ಲಿ ಟೈಮಿಗೆ ಮಾತ್ರೆ ಕೊಡಿ ಅಂತಾನೇ 'ಗೆಟ್ ಇಟ್ ಆನ್ ಟೈಮ್' ಅಂತ ಅಭಿಯಾನ ಮಾಡ್ತಿದೆ. ಅಲ್ಲೂ ಇದೇ ಗೋಳು ಇದ್ದಿದ್ದಕ್ಕೇ ತಾನೇ?

ತಡ ಆದ್ರೇನೇ ಹಿಂಗೆ, ಇನ್ನು ನಿಲ್ಲಿಸಿಬಿಟ್ರೆ? ಇದ್ದಕ್ಕಿದ್ದಂಗೆ ನಿಲ್ಸಿದ್ರೆ ವಿಪರೀತ ಜ್ವರ ಬಂದು, ಮೈ ಮರಗಟ್ಟಿ, ಪ್ರಜ್ಞೆ ತಪ್ಪಿ ಜೀವಕ್ಕೇ ಕುತ್ತು ಬರಬಹುದು. ನಮ್ಮ ನೆಂಟರೊಬ್ರು "ಇಂಗ್ಲಿಷ್ ಮಾತ್ರೆ ಬಿಟ್ಟು ನಸುಗುನ್ನಿ ಪುಡಿ ಕೊಡಿ" ಅಂತ ಡಬ್ಬಿ ಸಮೇತ ಬಂದಿದ್ರು. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರೋದು ಸುಳ್ಳಲ್ಲ, ನಮ್ಮ ದೇಶದ ವಿಜ್ಞಾನಿಗಳೇ 1937ರಲ್ಲಿ ಅದನ್ನ ಬೇರ್ಪಡಿಸಿ ತೋರ್ಸಿದ್ದಾರೆ. ಆದ್ರೆ ಒಂದು ಚಮಚದಲ್ಲಿ ಎಷ್ಟಿದೆ ಯಾರಿಗೆ ಗೊತ್ತು? ಡಾಕ್ಟ್ರಿಗೆ ಹೇಳ್ದೆ ಮಾತ್ರೆ ಮೇಲೆ ಇದನ್ನೂ ಕೊಟ್ರೆ ಡೋಸ್ ಎಲ್ಲಿಗೆ ಹೋಗುತ್ತೆ?

ಇನ್ನೊಂದು ಹೇಳ್ದೆ ಇರೋಕಾಗಲ್ಲ. ಹೋದ ವರ್ಷ ಅಪ್ಪ ವಾಂತಿ ಆಗಿ ಬೇರೆ ಕಡೆ ಅಡ್ಮಿಟ್ ಆಗಿದ್ದಾಗ ಇಂಜೆಕ್ಷನ್ ತುಂಬ್ಕೊಂಡು ಬಂದ್ರು, ಹೆಸರು ಕೇಳಿದ್ರೆ ಮೆಟೊಕ್ಲೋಪ್ರಮೈಡ್. ಮೆದುಳಲ್ಲಿ ಡೋಪಮೈನ್ ಕೆಲಸಾನೇ ತಡೆಯೋ ಔಷಧಿ ಅದು. ಬೇಡ ಅಂತ ಕೈ ಅಡ್ಡ ಹಿಡಿದು, ಫೋನಲ್ಲಿ ನಮ್ಮ ನ್ಯೂರಾಲಜಿಸ್ಟ್ ಹತ್ರ ಮಾತಾಡ್ಸಿದ್ಮೇಲೆ ಡೊಂಪೆರಿಡೋನ್ ಕೊಟ್ರು. ಹಂಗೇ ಈ ಕಾಯಿಲೆಯವ್ರಿಗೆ ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತೆ, ಮೆಡಿಕಲ್ ಶಾಪಲ್ಲಿ ತಲೆಸುತ್ತಿನ ಮಾತ್ರೆ ಕೇಳ್ತೀವಿ, ಸಿನ್ನರಿಜಿನೋ ಪ್ರೋಕ್ಲೋರ್‌ಪೆರಜಿನೋ ಕೊಟ್ಟು ಕಳಿಸ್ತಾರೆ, ಕೈಕಾಲು ಇನ್ನಷ್ಟು ಬಿಗಿಯುತ್ತೆ. ಚೀಟಿ ಇಲ್ದೆ ಏನೂ ತರಬೇಡಿ ದಯವಿಟ್ಟು.

ನಿನ್ನೆ ಕೊನೆಗೆ ಡ್ಯೂಟಿ ಡಾಕ್ಟ್ರನ್ನ ಹುಡುಕ್ಕೊಂಡು ಹೋದೆ. ಚಿಕ್ಕ ಹುಡುಗ, ಪೂರ್ತಿ ಕೇಳಿಸ್ಕೊಂಡು ಚಾರ್ಟ್ ತರಿಸಿ 1-1-1 ಹೊಡೆದುಹಾಕಿ ನಾಲ್ಕು ಗಂಟೆಗಳನ್ನೂ ಬರೆದ್ರು. ತಪ್ಪಿಹೋದ ಮಾತ್ರೆ ಸೇರಿಸಿ ಎರಡು ಕೊಟ್ಬಿಡ್ಲಾ ಅಂತ ಸೊಸೆ ಕೇಳಿದ್ಲು, ಬೇಡವೇ ಬೇಡ, ಈಗ ಒಂದೇ, ಮುಂದಿನದು ಯಾವಾಗ ಅಂತ ನಾನೇ ಬಂದು ಹೇಳ್ತೀನಿ ಅಂದ್ರು ಡಾಕ್ಟ್ರು. ಅನ್ನದ ತಟ್ಟೆ ಪಕ್ಕಕ್ಕಿಟ್ಟು, ತಲೆ ಕಡೆ ಬೆಡ್ ಎತ್ತಿ, ಗುಟುಕು ನೀರಲ್ಲಿ ಒಂದು ಗಂಟೆಗೆ ಮಾತ್ರೆ ಕೊಟ್ವಿ. ಎರಡು ಗಂಟೆ ಹತ್ರ ಬಂದಿತ್ತು, ನಾನು ಕ್ಯಾರಿಯರ್ ತೊಳ್ಕೊಂಡು ಬರೋಷ್ಟರಲ್ಲಿ ಯಜಮಾನ್ರು ನೀರಿನ ಲೋಟ ತಾವೇ ಹಿಡ್ಕೊಂಡಿದ್ರು. ನನ್ ಕಡೆ ತಿರುಗಿ "ಯಾವೂರಾಯ್ತವ್ವ ನಿಂದು?" ಅಂದ್ರು.