4ಕೆ ಪರದೆಗೆ ಹಳೆಯ ವಿಡಿಯೊ: ಹಿಗ್ಗಿಸುವ ಕೆಲಸ ಕಂಪ್ಯೂಟರಿನದೋ, ಟಿವಿಯದೋ?

ಪರ: ಕಂಪ್ಯೂಟರೇ ಮಾಡಲಿ

4ಕೆ ಪರದೆಯಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಪಾಲ್ (ಭಾರತದ ಹಳೆಯ ಟಿವಿ ಪದ್ಧತಿ) ಡಿವಿಡಿಯ ಒಂದು ಫ್ರೇಮಿನಲ್ಲಿರುವುದು 720×576, ನಾಲ್ಕು ಲಕ್ಷ ಚಿಲ್ಲರೆ. ಮಿಕ್ಕಿದ್ದನ್ನು ಯಾರಾದರೂ ಲೆಕ್ಕ ಹಾಕಿ ತುಂಬಲೇಬೇಕು. ಟಿವಿಗೆ ತಲುಪುವುದು ಡಿಕೋಡ್ ಆದ, ಅಂದರೆ ಫೈಲಿನಿಂದ ಬಿಡಿಸಿದ ಚಿತ್ರ ಮಾತ್ರ. ಕಂಪ್ಯೂಟರಿನ ಬಳಿ ಮೂಲ ಫೈಲೇ ಇದೆ.

ಹಳೆಯ ಕನ್ನಡ ಚಿತ್ರಗಳ ಡಿವಿಡಿಗಳನ್ನೇ ತೆಗೆದುಕೊಳ್ಳಿ. ಸಿನಿಮಾಸ್ಕೋಪ್ ಚಿತ್ರವನ್ನು 4:3 ಚೌಕಟ್ಟಿನಲ್ಲಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಸಮೇತ ಅಚ್ಚು ಹಾಕಿರುವಂಥವು ಹಲವು. 2.35:1 ಚಿತ್ರಕ್ಕೆ ಆ 576 ಗೆರೆಗಳಲ್ಲಿ ದಕ್ಕುವುದು ಸುಮಾರು 327. ಹಾಗೇ ಟಿವಿಗೆ ಕೊಟ್ಟರೆ ನಾಲ್ಕೂ ಕಡೆ ಕಪ್ಪು, ನಡುವೆ ಪುಟ್ಟ ಚಿತ್ರ. ಕಂಪ್ಯೂಟರಿನಲ್ಲಿ ವಿಡಿಯೊ ಓಡಿಸುವ ಎಂಪಿವಿ ಪ್ಲೇಯರಿನ ವಿಡಿಯೊ-ಕ್ರಾಪ್ ಆಯ್ಕೆಯಲ್ಲಿ ಪಟ್ಟಿ ಕತ್ತರಿಸಿದರೆ ಉಳಿದ ಭಾಗ ಒಂದೇ ಸಲಕ್ಕೆ 3840ರ ಅಗಲಕ್ಕೆ ಹಿಗ್ಗುತ್ತದೆ.

ಕೆಲಸದ ಕ್ರಮ ಮುಖ್ಯ. ಡಿಇಂಟರ್ಲೇಸ್ (ಬೆಸ, ಸಮ ಗೆರೆಗಳೆಂದು ಎರಡು ಕಂತಿನಲ್ಲಿ ಬಂದ ಇಂಟರ್ಲೇಸ್ಡ್ ಚಿತ್ರವನ್ನು ಪೂರ್ತಿ ಫ್ರೇಮ್ ಮಾಡುವುದು) ಮೊದಲು, ಸ್ಕೇಲಿಂಗ್ (ಹಿಗ್ಗಿಸುವುದು) ಆಮೇಲೆ. ತಿರುಗುಮುರುಗಾದರೆ ಚಲಿಸುವ ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಇನ್ನಷ್ಟು ದಪ್ಪಗಾಗಿ ಉಳಿಯುತ್ತವೆ. ಆದರೆ ಫಿಲ್ಮಿನಿಂದ ಬಂದ ಪಾಲ್ ಡಿವಿಡಿ ಎಷ್ಟೋ ಸಲ ನಿಜಕ್ಕೂ ಪ್ರೊಗ್ರೆಸಿವ್ (ಪೂರ್ತಿ ಫ್ರೇಮುಗಳದ್ದು) ಆಗಿರುತ್ತದೆ, ಗುರುತು ಮಾತ್ರ ಇಂಟರ್ಲೇಸ್ಡ್ ಎಂದಿರುತ್ತದೆ. ಫ್ರೇಮ್ ನಿಲ್ಲಿಸಿ ನೋಡಿ. ಹಲ್ಲುಗಳು ಕಾಣದಿದ್ದರೆ ಡಿಇಂಟರ್ಲೇಸ್ ಆಫ್ ಮಾಡಿ, ಇಲ್ಲವಾದರೆ ಇರುವ ವಿವರವೂ ಹೋಗುತ್ತದೆ. ಬಣ್ಣದ ಮ್ಯಾಟ್ರಿಕ್ಸ್, ಅಂದರೆ ಫೈಲಿನ ಅಂಕಿಗಳನ್ನು ಪರದೆಯ ಬಣ್ಣವಾಗಿಸುವ ಸೂತ್ರ, ಡಿವಿಡಿಗೆ ಬಿಟಿ.601, ಎಚ್‌ಡಿಗೆ ಬಿಟಿ.709. ಅದಲುಬದಲಾದರೆ ಕೆಂಪು, ಹಸಿರು ಬೇರೆಯೇ ಛಾಯೆಗೆ ತಿರುಗುತ್ತವೆ.

1080ಪಿಯಿಂದ (1920×1080) 4ಕೆಗೆ ಸರಿಯಾಗಿ ಎರಡು ಪಟ್ಟು. ಎಫ್‌ಎಸ್‌ಆರ್‌ಸಿಎನ್‌ಎನ್‌ಎಕ್ಸ್‌ನಂಥ ದ್ವಿಗುಣ ಶೇಡರ್‌ಗೆ (ಗ್ರಾಫಿಕ್ಸ್ ಚಿಪ್‌ನಲ್ಲಿ ಓಡಿ, ನ್ಯೂರಲ್ ಜಾಲದಿಂದ ಚಿತ್ರ ಹಿಗ್ಗಿಸುವ ಪುಟ್ಟ ಪ್ರೋಗ್ರಾಂ) ಇದು ಹೇಳಿ ಮಾಡಿಸಿದ ಕೆಲಸ. 576 ಗೆರೆಗಳ ಪೂರ್ತಿ ಫ್ರೇಮಾದರೆ ಎರಡು ಸಲ ದ್ವಿಗುಣಿಸಿ 2304ಕ್ಕೆ ಹೋಗಿ 2160ಕ್ಕೆ ಇಳಿಯಬೇಕು. ಸೆಕೆಂಡಿಗೆ 24 ಫ್ರೇಮಿನ ವಿಡಿಯೊದಲ್ಲಿ ಪ್ರತಿ ಫ್ರೇಮಿಗೆ ಸಿಗುವ ಸಮಯ 41.7 ಮಿಲಿಸೆಕೆಂಡ್; ಡಿಇಂಟರ್ಲೇಸ್ ಆಗಿ 50 ಫ್ರೇಮಾದರೆ ಬರೀ 20. ಎಂಪಿವಿಯಲ್ಲಿ ಶಿಫ್ಟ್ ಜೊತೆ 'ಐ' ಒತ್ತಿ, ನಂತರ 2 ಒತ್ತಿದರೆ ಈ ಲೆಕ್ಕ ಕಾಣುತ್ತದೆ. ಆ ಸಮಯದ ಮುಕ್ಕಾಲು ಪಾಲು ಮೀರುತ್ತಿದ್ದರೆ ಹಗುರವಾದ ಶೇಡರ್ ಹಾಕಿ. ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು) ಪಾಲ್‌ಗೆ 50 ಹರ್ಟ್ಜ್. 60ರಲ್ಲೇ ಬಿಟ್ಟರೆ ಕ್ಯಾಮೆರಾ ಪ್ಯಾನ್ ಆಗುವಾಗೆಲ್ಲ ಚಿತ್ರ ಮುಗ್ಗರಿಸುತ್ತದೆ.

ವಿರೋಧ: ಟಿವಿಗೇ ಬಿಡಿ

ಮೊದಲು ಟೇಪು ಹಿಡಿದು ಸೋಫಾದ ದೂರ ಅಳೆಯಿರಿ. 55 ಇಂಚಿನ ಟಿವಿ ಸುಮಾರು 122 ಸೆಂಟಿಮೀಟರ್ ಅಗಲ, 1080ಪಿ ಚಿತ್ರದ ಒಂದು ಪಿಕ್ಸೆಲ್ ಅದರಲ್ಲಿ 0.63 ಮಿಲಿಮೀಟರ್. ಸಾಮಾನ್ಯ ದೃಷ್ಟಿಗೆ ಅದು ಬಿಡಿಯಾಗಿ ಕಾಣುವುದು ಸುಮಾರು 7 ಅಡಿಯೊಳಗೆ. ಹತ್ತು ಅಡಿ ದೂರ ಕೂತವರಿಗೆ ಒಂದು ಸ್ಕೇಲರ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಫ್ರೇಮ್ ನಿಲ್ಲಿಸಿ ಹತ್ತಿರ ಹೋದಾಗಲೇ ಗೊತ್ತಾಗುವುದು. ಸಿನಿಮಾ ಹಾಗೆ ಯಾರೂ ನೋಡುವುದಿಲ್ಲ.

ಬೆಲೆಯೂ ಇದೆ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯೇ 170 ವ್ಯಾಟ್. ಭಾರದ ಶೇಡರ್ ಹಾಕಿದಷ್ಟೂ ಬಳಕೆ ಅತ್ತ ಏರುತ್ತದೆ, ಮೌನದ ದೃಶ್ಯದಲ್ಲಿ ಫ್ಯಾನ್ ಸದ್ದು ಕೇಳುತ್ತದೆ. ಇಂಟೆಲ್ ಎನ್100ರಂಥ 6 ವ್ಯಾಟ್ ದರ್ಜೆಯ ಚಿಪ್ ಬರೀ ಡಿಕೋಡ್ ಮಾಡಲು ಧಾರಾಳ ಸಾಕು. ಜೊತೆಗೆ, ಓಟಿಟಿ ಚಿತ್ರಗಳು ಡಿಆರ್‌ಎಂ ಎಂಬ ನಕಲು-ತಡೆ ಬೀಗದಲ್ಲಿರುವುದರಿಂದ ಎಂಪಿವಿಯೊಳಕ್ಕೆ ಬರುವುದೇ ಇಲ್ಲ. ಮನೆಮಂದಿ ನೋಡುವುದು ಬಹುಪಾಲು ಅದನ್ನೇ ಆದರೆ ಈ ಸೆಟಪ್ಪೆಲ್ಲ ಯಾರಿಗಾಗಿ?

ಎರಡೂ ಕಡೆ ಸಂಸ್ಕರಣೆ ನಡೆದರೆ ಫಲಿತಾಂಶ ಇನ್ನೂ ಕೆಡುತ್ತದೆ. ಶೇಡರ್ ಚೂಪು ಮಾಡಿ ಕಳಿಸಿದ್ದನ್ನು ಟಿವಿ ಮತ್ತೆ ಚೂಪು ಮಾಡಿ, ಅಂಚಿನ ಸುತ್ತ ಬಿಳಿ ಗೆರೆ ಎಳೆಯುತ್ತದೆ. ಟಿವಿಯ ಶಾರ್ಪ್‌ನೆಸ್ ಇಳಿಸಬೇಕು. ತಟಸ್ಥ ಅಂಕ ಎಷ್ಟೋ ಟಿವಿಗಳಲ್ಲಿ 0, ಸೋನಿಯಲ್ಲಿ 50.

ವಿಸಿಡಿಯ ವಿಷಯಕ್ಕೆ ಬಂದರೆ, 352×288ರ ಎಂಪೆಗ್-1 ಚಿತ್ರಕ್ಕೆ ಸಿಕ್ಕಿರುವುದು ಸೆಕೆಂಡಿಗೆ 1150 ಕಿಲೋಬಿಟ್. ಅಲ್ಲಿ ನ್ಯೂರಲ್ ಶೇಡರ್ ಚೂಪು ಮಾಡುವುದು ಮುಖವನ್ನಲ್ಲ, ಕಂಪ್ರೆಶನ್ನಿನ ಚೌಕಗಳನ್ನು. ಶೀರ್ಷಿಕೆ ಪಟ್ಟಿಯಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಹೋಗಿದ್ದರೆ ಅದು ಅಚ್ಚುಕಟ್ಟಾದ ಅಂಚಿರುವ ಗೊಜ್ಜಾಗುತ್ತದೆ, ಓದಲು ಬರುವುದಿಲ್ಲ. ಅಂಥದ್ದಕ್ಕೆ ಟಿವಿಯ ಸಾದಾ, ಮೆತ್ತನೆಯ ಸ್ಕೇಲಿಂಗೇ ವಾಸಿ.

ಡಿಇಂಟರ್ಲೇಸ್ ಮತ್ತು ಕ್ರಾಪ್ ಕಂಪ್ಯೂಟರಿನಲ್ಲೇ ಆಗಲಿ, ಅದಕ್ಕೆ ತಕರಾರಿಲ್ಲ. ಆಮೇಲೆ ಔಟ್‌ಪುಟ್ಟನ್ನು 1080ಪಿ, 50 ಹರ್ಟ್ಜ್‌ಗೆ ಇಟ್ಟು, ಟಿವಿಯಲ್ಲಿ ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸಿ ತೋರಿಸುವುದು) ಆಫ್ ಮಾಡಿ. ಇನ್‌ಪುಟ್ಟಿಗೆ 'ಪಿಸಿ' ಎಂಬ ಹೆಸರು ಕೊಡಬೇಡಿ. ಕೆಲವು ಟಿವಿಗಳು ಆ ಹೆಸರು ಕಂಡರೆ ಚಿತ್ರ ಸುಧಾರಿಸುವ ಸಂಸ್ಕರಣೆಯನ್ನೇ ನಿಲ್ಲಿಸುತ್ತವೆ.